ಸಂಪಾಜೆ ಘಾಟಿಯಲ್ಲಿ ನೆಪೋಲಿಯನ್ನನ ಪಡೆ

ಮಡಿಕೇರಿಯ ಮಳೆಗಾಲದಲ್ಲಿ ಒಗೆದ ಬಟ್ಟೆಯೇ ವಾರಗಟ್ಟಲೆ ಒಣಗುವುದಿಲ್ಲ. ಇನ್ನು 28 ಮಿಲಿಮೀಟರ್ ಎತ್ತರದ ಸಿಪಾಯಿಯ ಕೆಂಪು ಕೋಟು ಒಣಗುತ್ತದೆಯೇ? ಬಣ್ಣ ಹಚ್ಚಿ ಒಲೆಯ ಪಕ್ಕದ ಹಲಗೆಯ ಮೇಲೆ ಸಾಲಾಗಿ ನಿಲ್ಲಿಸಿ ಮಲಗುತ್ತೇನೆ. ಬೆಳಿಗ್ಗೆ ಮುಟ್ಟಿದರೆ ಬೆರಳಿಗೆ ಅಂಟು, ಕಾಲಡಿಯ ರಟ್ಟಿಗೆ ಬೂಷ್ಟು. ಮನೆಯವರು ಇದಕ್ಕೆ ಇಟ್ಟ ಹೆಸರು ‘ಗೊಂಬೆಯಾಟ’. ದಸರೆಗೆ ಕೂರಿಸಿ ಎತ್ತಿಡುವ ಗೊಂಬೆಗಳಾದರೂ ವಾಸಿ, ಇವು ಊಟದ ಮೇಜು ಬಿಟ್ಟೇಳುವುದಿಲ್ಲ ಎಂಬುದು ಅವರ ತಕರಾರು.

ಗೊಂಬೆ ಸಿಪಾಯಿಗಳನ್ನಿಟ್ಟು ಮೇಜಿನ ಮೇಲೆ ಆಡುವ ಈ ಯುದ್ಧದಾಟ ಹಳೆಯದು. ಪ್ರಷ್ಯಾದ ರೈಸ್ವಿಟ್ಸ್ ಎಂಬಾತ 1812ರಲ್ಲಿ ತನ್ನ ದೊರೆಗೆ ಇಂಥದೊಂದು ಮೇಜು ಮಾಡಿಕೊಟ್ಟ. 1824ರಲ್ಲಿ ಅವನ ಮಗ ನಿಯಮಗಳನ್ನು ಅಚ್ಚು ಹಾಕಿಸಿದ ಮೇಲೆ ಅಲ್ಲಿನ ಸೇನಾಧಿಕಾರಿಗಳು ಅದರಲ್ಲೇ ತಾಲೀಮು ಮಾಡಿದರು. ಅದನ್ನು ನಡುಮನೆಗೆ ತಂದವರಲ್ಲಿ ಕಾದಂಬರಿಕಾರ ಎಚ್.ಜಿ. ವೆಲ್ಸ್ ಒಬ್ಬ, ‘ಲಿಟಲ್ ವಾರ್ಸ್’ ಪುಸ್ತಕ ಬಂದದ್ದು 1913ರಲ್ಲಿ. ಒಂದು ಕಾಳಗವಾದರೆ ಸಂಜೆಯೊಳಗೆ ಮುಗಿದುಹೋಗುತ್ತದೆ. ನನಗೆ ಹುಚ್ಚು ಹಿಡಿಸಿದ್ದು ದಂಡಯಾತ್ರೆ. ಗೋಡೆಗೊಂದು ನಕ್ಷೆ, ಒಬ್ಬೊಬ್ಬ ಆಟಗಾರನೂ ಗುಟ್ಟಾಗಿ ಬರೆದುಕೊಡುವ ಅಪ್ಪಣೆಯ ಚೀಟಿ, ನಡುವೆ ಎಲ್ಲವನ್ನೂ ಬಲ್ಲ ಒಬ್ಬ ತೀರ್ಪುಗಾರ. ಎರಡು ಪಡೆಗಳು ನಕ್ಷೆಯಲ್ಲಿ ಒಂದಕ್ಕೊಂದು ಎದುರಾದಾಗ ಮಾತ್ರ ಗೊಂಬೆಗಳು ಮೇಜಿಗಿಳಿಯುತ್ತವೆ.

ಕೊಡಗಿಗೂ ನೆಪೋಲಿಯನ್ನನಿಗೂ ಏನು ನಂಟು? ಕೂದಲೆಳೆಯಷ್ಟು ಇತ್ತು. ಈಜಿಪ್ಟಿಗೆ ಬಂದಿಳಿದಿದ್ದ ನೆಪೋಲಿಯನ್ 1799ರ ಜನವರಿ 25ರಂದು ಕೈರೋದಿಂದ ಟಿಪ್ಪು ಸುಲ್ತಾನನಿಗೆ ಕಾಗದ ಬರೆದ. ಅದು ಟಿಪ್ಪುವನ್ನು ಮುಟ್ಟಲಿಲ್ಲ, ದಾರಿಯಲ್ಲೇ ಬ್ರಿಟಿಷರ ಕೈಸೇರಿತು. ಅದಕ್ಕೂ ಮುಂಚೆ, 1798ರ ಏಪ್ರಿಲಿನಲ್ಲಿ, ಮಾರಿಷಸ್‌ನಿಂದ ಮಂಗಳೂರಿಗೆ ಬಂದ ಫ್ರೆಂಚ್ ‘ನೆರವು’ ಸುಮಾರು ನೂರು ಜನ. ಈ ಗೊಂಬೆ ಲೆಕ್ಕದಲ್ಲಿ ಎರಡೂವರೆ ಗೊಂಬೆ! ಒಂದು ಗೊಂಬೆಗೆ ನಲವತ್ತು ಜನ ಎಂಬುದು ನಮ್ಮ ಅಳತೆ.

ನಿಜವಾಗಿ ನಡೆದದ್ದನ್ನು ಮೊದಲು ಮೇಜಿನ ಮೇಲೆ ಆಡಿ ನೋಡಿದೆವು. ಟಿಪ್ಪುವಿನ ಮೇಲೆ ಯುದ್ಧಕ್ಕೆಂದು 1799ರ ಫೆಬ್ರವರಿ 21ರಂದು ಕಣ್ಣೂರಿನಿಂದ ಹೊರಟ ಬ್ರಿಟಿಷ್ ಜನರಲ್ ಸ್ಟುವರ್ಟನ ಬೊಂಬಾಯಿ ಸೈನ್ಯ, ಸುಮಾರು 6,400 ಮಂದಿ, ಘಟ್ಟ ಹತ್ತಿ ಕೊಡಗಿಗೆ ಬಂತು. ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ಅದಕ್ಕೆ ದಾರಿ ಕೊಟ್ಟ, ಅಕ್ಕಿ ಕೊಟ್ಟ. ಕಾಡಿನಲ್ಲಿ ಇಡೀ ಸೈನ್ಯ ಒಂದೆಡೆ ನಿಲ್ಲಲು ಜಾಗವಿಲ್ಲ. ಹಾಗಾಗಿ ಸ್ಟುವರ್ಟನ ಕೈಕೆಳಗಿನ ಮಾಂಟ್ರೆಸರ್‌ನ ಮೂರು ಬೆಟಾಲಿಯನ್‌ಗಳು ಗಡಿಯ ಸಿದ್ದೇಶ್ವರ ಬೆಟ್ಟದ ಹತ್ತಿರ, ಮಿಕ್ಕವರು ಎಂಟು ಮೈಲಿ ಹಿಂದೆ ಸಿದ್ದಾಪುರದಲ್ಲಿ, ಹನ್ನೆರಡು ಮೈಲಿ ಹಿಂದೆ ಅಮ್ಮತ್ತಿಯಲ್ಲಿ. ಮಾರ್ಚ್ 5ರಂದು ಬೆಟ್ಟದ ಮೇಲಿಂದ ನೋಡಿದವರಿಗೆ ಪಿರಿಯಾಪಟ್ಟಣದ ಕಡೆ ಡೇರೆಗಳ ಸಾಲು, ನಡುವೆ ಟಿಪ್ಪುವಿನದೇ ಎನ್ನಿಸುವ ಒಂದು ಹಸಿರು ಡೇರೆ ಕಂಡಿತು. ಮರುದಿನ ಬೆಳಿಗ್ಗೆ ಟಿಪ್ಪುವಿನ ಸೈನ್ಯ ಕಾಡೊಳಗೆ ಸದ್ದಿಲ್ಲದೆ ನುಗ್ಗಿ ಮಾಂಟ್ರೆಸರ್‌ನನ್ನು ಹಿಂದಿನಿಂದಲೂ ಮುಂದಿನಿಂದಲೂ ಹಿಡಿಯಿತು. ಮಧ್ಯಾಹ್ನ ಸಿದ್ದಾಪುರದಿಂದ ಸ್ಟುವರ್ಟ್ ಓಡಿ ಬರುವ ತನಕ ಆ ಮೂರು ಬೆಟಾಲಿಯನ್ ಹೇಗೋ ಕಚ್ಚಿಕೊಂಡು ನಿಂತವು.

ಮೇಜಿನ ಮೇಲೆ ಕಾಡು ಮಾಡುವುದಕ್ಕೆ ಕೊಡಗಿನಲ್ಲಿ ದುಡ್ಡು ಬೇಡ. ಕಪಾತು ಮಾಡಿ ಬಿಸಾಡಿದ ಕಾಫಿ ಕಡ್ಡಿಯೇ ಮರ, ಕಿತ್ತಳೆ ಗಿಡದ ಪಾಚಿಯೇ ಎಲೆ. ಟಿಪ್ಪುವಿನ ಕಡೆಗೆ ಮುನ್ನೂರು ಗೊಂಬೆ ಬೇಕಿತ್ತು, ನಾನು ಬಣ್ಣ ಹಚ್ಚಿ ಮುಗಿಸಿದ್ದು ನೂರಿಪ್ಪತ್ತು. ಉಳಿದ ಸಿಪಾಯಿಗಳು ಕರಿಮೆಣಸಿನ ಕಾಳುಗಳು. ಕಾಡಿನಲ್ಲಿರುವ ಪಡೆ ಒಂದು ಗೇಣು ಹತ್ತಿರ ಬರುವವರೆಗೆ ಮೇಜಿನ ಮೇಲೆ ಕಾಣುವಂತಿಲ್ಲ ಎಂಬುದು ನಿಯಮ. ಮಾಂಟ್ರೆಸರ್ ಆಗಿದ್ದವನ ಬೆನ್ನ ಹಿಂದೆ ನಾನು ಒಂದು ಮುಷ್ಟಿ ಮೆಣಸು ಸುರಿದಾಗ ಅವನ ಮುಖ ನೋಡಬೇಕಿತ್ತು.

ಆಮೇಲೆ ಕಟ್ಟುಕತೆ. ಆ ಕಾಗದ ಟಿಪ್ಪುವಿಗೆ ಮುಟ್ಟಿತು, ಫ್ರೆಂಚರ ಮೂರು ಸಾವಿರ ಜನ ಮಂಗಳೂರಿನಲ್ಲಿ ಇಳಿದರು ಎಂದಿಟ್ಟುಕೊಂಡೆ. ನಂಬಲಾಗದ್ದೇ, ಫ್ರೆಂಚರ ಹಡಗುಗಳು 1798ರ ಆಗಸ್ಟಿನಲ್ಲೇ ನೈಲ್ ಕಾಳಗದಲ್ಲಿ ನಾಶವಾಗಿದ್ದವು. ಆದರೆ ಇಷ್ಟು ಸುಳ್ಳನ್ನು ಒಪ್ಪಿಕೊಳ್ಳದಿದ್ದರೆ ಆಟವೇ ಇಲ್ಲ. ಫ್ರೆಂಚರನ್ನು ಕೈಗೆ ತೆಗೆದುಕೊಂಡವನು ಮೈಸೂರಿನಲ್ಲಿ ಓದುವ ಹುಡುಗ. ನೆಪೋಲಿಯನ್ ಗೆದ್ದ ಆಸ್ಟರ್ಲಿಟ್ಜ್ ಕಾಳಗ ಅವನಿಗೆ ಬಾಯಿಪಾಠ. ಕುದುರೆ ಪಡೆ ಹೀಗೆ, ತೋಪು ಹಾಗೆ ಎಂದು ಹಾಳೆ ತುಂಬ ಬಾಣ ಗುರುತು. ವೀರರಾಜೇಂದ್ರನಾಗಿ ಕುಳಿತವರು ನಮ್ಮ ಮಾವ, ನಿವೃತ್ತ ಸುಬೇದಾರರು. ನಕ್ಷೆಯನ್ನು ಕನ್ನಡಕವೇರಿಸಿ ನೋಡಿದ ಅವರು ಕೇಳಿದ್ದು ಒಂದೇ ಮಾತು: “ಅಕ್ಕಿ ಎಲ್ಲಿದೆ?”

ಅಲ್ಲಿಗೆ ಆಟ ಅರ್ಧ ಮುಗಿದಂತೆ. ಮಾವ ಒಂದು ಗೊಂಬೆಯನ್ನೂ ಮೇಜಿಗಿಳಿಸಲಿಲ್ಲ. ಮೊದಲ ಚೀಟಿಯಲ್ಲಿ, ಫ್ರೆಂಚರು ಮಂಗಳೂರಿನಿಂದ ಕೊಡಗಿಗೆ ಏರಬೇಕಾದ ಸಂಪಾಜೆ ಘಾಟಿಯ ಮೇಲಿನ ಭತ್ತವನ್ನೆಲ್ಲ ವಿರಾಜಪೇಟೆಗೆ ಸಾಗಿಸಿದರು. ಎರಡನೆಯದರಲ್ಲಿ ಆ ಘಾಟಿಯ ದಾರಿಗೆ ಮರ ಕಡಿದು ಕೆಡವಿದರು. ಮೂರನೆಯದರಲ್ಲಿ ಕಡಂಗ ತೋಡಿಸಿದರು. ಬೆಟ್ಟದ ಏಣಿಗಳ ಉದ್ದಕ್ಕೂ ಆ ಮಣ್ಣಿನ ಅಗಳು ಈಗಲೂ ಉಳಿದಿರುವುದನ್ನು ಕಂಡವರಿಗೆ ಅದರ ಬೆಲೆ ಹೇಳಬೇಕಿಲ್ಲ. ನಕ್ಷೆಯಲ್ಲಿ ಘಾಟಿಯ ಅಗಲ ಒಂದು ಬೆರಳು, ಅದರಲ್ಲಿ ಕುದುರೆ ಪಡೆ ಒಂದರ ಹಿಂದೊಂದು ಏರಬೇಕು. ಒಂದು ಸರದಿಗೆ ಎರಡು ದಿನ. ಆಹಾರ ಸಿಗದ ಪ್ರತಿ ಸರದಿಗೂ ದಾಳ ಹಾಕಿ ಗೊಂಬೆ ತೆಗೆಯಬೇಕು. ಎಪ್ಪತ್ತೈದು ಫ್ರೆಂಚ್ ಗೊಂಬೆಗಳು ಒಂದು ಗುಂಡೂ ಹಾರಿಸದೆ ಐವತ್ತೊಂದಾದವು. ಹುಡುಗನಿಗೆ ಸಿಟ್ಟು. “ಯುದ್ಧ ಮಾಡೋಣ ಅಂದ್ರೆ ಇದು ರೇಷನ್ ಅಂಗಡಿ!” ಎಂದ. ಅದೇ ಮಾರ್ಚಿನಲ್ಲಿ ಮದರಾಸಿನ ಕಡೆಯಿಂದ ಶ್ರೀರಂಗಪಟ್ಟಣಕ್ಕೆ ಹೊರಟಿದ್ದ ಬ್ರಿಟಿಷ್ ಜನರಲ್ ಹ್ಯಾರಿಸ್‌ನ ದಂಡು ಎತ್ತಿನ ಹಿಂಡುಗಳನ್ನೇ ನಂಬಿ ಆಮೆಯಂತೆ ತೆವಳುತ್ತಿತ್ತು ಎಂದು ಅವನಿಗೆ ಹೇಳಿದೆ. ಹದಿನಾರು ವರ್ಷದ ಮೇಲೆ ವಾಟರ್ಲೂವಿನಲ್ಲಿ ನೆಪೋಲಿಯನ್ನನ ಎದುರು ನಿಂತ ಆರ್ಥರ್ ವೆಲ್ಲೆಸ್ಲಿ ಅದೇ ದಂಡಿನಲ್ಲೊಬ್ಬ ಕರ್ನಲ್. ಹುಡುಗನಿಗೆ ಸಮಾಧಾನವಾಗಲಿಲ್ಲ.

ಟಿಪ್ಪುವಿನ ಕಡೆ ಆಡಲು ಯಾರೂ ಒಪ್ಪಲಿಲ್ಲ. ಕೊಡಗಿನಲ್ಲಿ ಇದಕ್ಕೆ ಕಾರಣ ಕೇಳುವವರಿಲ್ಲ. ಕೊನೆಗೆ ಉಳಿದವರ ಚೀಟಿ ನೋಡುವ ಮೊದಲೇ ನನ್ನ ಚೀಟಿ ಬರೆದಿಟ್ಟು, ತೀರ್ಪುಗಾರನಾದ ನಾನೇ ಆ ಪಡೆಯನ್ನು ನಡೆಸುತ್ತಿದ್ದೇನೆ. ಹೀಗೆ ನಡೆಸುವಾಗ ಒಂದು ಕೊರತೆ ಕಾಣುತ್ತದೆ: ಸಿಪಾಯಿ, ಎತ್ತು, ತೋಪು ಎಲ್ಲಕ್ಕೂ ಗೊಂಬೆ ಇದೆ. ಟಿಪ್ಪುವಿನ ಸೈನ್ಯಕ್ಕೆ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ನಡೆದ ಕೊಡಗಿನ ಮನೆಮಂದಿಗೆ ಇಲ್ಲ. ಮಾಡಲು ಕುಳಿತೆ, ಯಾವ ಅಳತೆಗೆ ಎಂದು ತಿಳಿಯದೆ ಕುಂಚ ತೊಳೆದಿಟ್ಟೆ.

ನಕ್ಷೆಯಲ್ಲಿ ಈಗ ಮಾರ್ಚ್ 20. ಮೊನ್ನೆ ರಾತ್ರಿ ಕರೆಂಟು ಹೋಗಿ ಮೇಣದ ಬತ್ತಿಯ ಬೆಳಕಿನಲ್ಲಿ ಹುಡುಗ ಚೀಟಿ ಮಡಚಿ ಕೊಟ್ಟ: ಮುಂದಿನ ತುಕಡಿ ಘಾಟಿಯಿಂದ ಇಳಿದು ಮಂಗಳೂರಿಗೆ ಮರಳಲಿ. ಪ್ರತಿ ಅಪ್ಪಣೆಗೂ ಓಲೆಕಾರನ ದಾಳವಿದೆ. ಒಂದು ಬಿದ್ದರೆ ಕಾಗದ ದಾರಿಯಲ್ಲೇ ಮಾಯ. ದಾಳ ಉರುಳಿ ಮೆಣಸಿನ ಕಾಳಿಗೆ ತಾಗಿ ನಿಂತಿತು. ಒಂದು.