ಲಾಭ ಉಳಿದಿದೆ, ಹಣ ಎಲ್ಲಿ?

ಪ್ರಶ್ನೆ: ಕಂಪನಿಗಳ ಬ್ಯಾಲೆನ್ಸ್ ಶೀಟಿನಲ್ಲಿ ‘ರಿಟೇನ್ಡ್ ಅರ್ನಿಂಗ್ಸ್’ ಎಂದು ಸಾವಿರಾರು ಕೋಟಿ ತೋರಿಸುತ್ತಾರೆ. ಅಷ್ಟಿದ್ದೂ ಬ್ಯಾಂಕಿನಲ್ಲಿ ಸಾಲ ಎತ್ತುವುದೇಕೆ?

ಆ ಕೋಟಿಗಳು ತಿಜೋರಿಯಲ್ಲಿ ಇಲ್ಲ, ಅದಕ್ಕೇ. ಅದು ಹಣದ ಗಂಟಲ್ಲ, ಬರೀ ಲೆಕ್ಕ. ಕಂಪನಿ ಶುರುವಾದಂದಿನಿಂದ ಗಳಿಸಿದ ಲಾಭವನ್ನೆಲ್ಲ ಕೂಡಿ, ನಷ್ಟವನ್ನೂ ಷೇರುದಾರರಿಗೆ ಹಂಚಿದ ಡಿವಿಡೆಂಡನ್ನೂ ಕಳೆದರೆ ಹೆಚ್ಚುಕಡಿಮೆ ಸಿಗುವ ಮೊತ್ತ.

ಒಬ್ಬ ಅಡಿಕೆ ಬೆಳೆಗಾರ ಹತ್ತು ವರ್ಷದಲ್ಲಿ ಮನೆಖರ್ಚು ಕಳೆದು 20 ಲಕ್ಷ ಉಳಿಸಿದ ಅನ್ನಿ. ಅದರಲ್ಲಿ ಕೊಳವೆಬಾವಿ ಕೊರೆಸಿದ, ಪಕ್ಕದ ತುಂಡು ಜಮೀನು ಕೊಂಡ, ಒಂದಿಷ್ಟು ಮಂಡಿಯಿಂದ ಇನ್ನೂ ಬರಬೇಕು. 20 ಲಕ್ಷ ಉಳಿಸಿದ್ದು ನಿಜ; ಈ ಸಲದ ಗೊಬ್ಬರಕ್ಕೆ ಸೊಸೈಟಿಯಲ್ಲಿ ಸಾಲ ಮಾಡಿದ್ದೂ ನಿಜ. ಕಂಪನಿಯ ಲಾಭವೂ ಹೀಗೇ ಯಂತ್ರ, ಕಟ್ಟಡ, ದಾಸ್ತಾನು, ಗ್ರಾಹಕರ ಬಾಕಿಯಾಗಿ ರೂಪ ಬದಲಿಸಿರುತ್ತದೆ. ಕೈಯಲ್ಲಿರುವ ನಗದು ಎಷ್ಟೆಂದು ನೋಡಲು ಆಸ್ತಿಗಳ ಪಟ್ಟಿಯಲ್ಲಿ ‘ಕ್ಯಾಶ್’ ಎಂಬ ಬೇರೆ ಸಾಲೇ ಇದೆ. ಷೇರು ಕೊಳ್ಳುವ ಅನೇಕರು ಅತ್ತ ಕಣ್ಣೇ ಹಾಯಿಸುವುದಿಲ್ಲ!

ಹಾಗಾದರೆ ಲಾಭವನ್ನು ಹಂಚದೆ ಇಟ್ಟುಕೊಳ್ಳುವುದು ಮೋಸವೇ? ಅಲ್ಲ. ಹೂಡಿಕೆದಾರ ವಾರೆನ್ ಬಫೆಟ್ ಕೈಗೆ ಬಂದಮೇಲೆ ಅಮೆರಿಕದ ಬರ್ಕ್‌ಶೈರ್ ಹ್ಯಾಥವೇ ಕಂಪನಿ ಡಿವಿಡೆಂಡ್ ಕೊಟ್ಟದ್ದು ಒಂದೇ ಸಲ, 1967ರಲ್ಲಿ. ಉಳಿದ ಲಾಭವನ್ನು ಬೇರೆ ಕಂಪನಿಗಳನ್ನು ಕೊಳ್ಳಲು ಬಳಸಿದರು, ನಡುನಡುವೆ ಕುಸಿದರೂ ಷೇರಿನ ಬೆಲೆ ಕಾಲಾಂತರದಲ್ಲಿ ಬಹಳ ಏರಿತು. ಉಳಿಸಿಕೊಂಡ ಪ್ರತಿ ರೂಪಾಯಿ ಮುಂದೆ ಎಷ್ಟು ದುಡಿಯಿತು ಎಂಬುದೇ ಷೇರುದಾರ ಕೇಳಬೇಕಾದ ಪ್ರಶ್ನೆ.