ಬೆಳಗಿನ ಎರಡು ಗಂಟೆಗೆ ಶಾಲೆ

ಕೊಟ್ಟಾರದಂಥ ನಮ್ಮ ಬಡಾವಣೆಗಳಲ್ಲಿ ಪರದೇಶವೆಂದರೆ ಕೊಲ್ಲಿ ನಾಡು ಎಂಬ ಎಣಿಕೆ ಬೇರೂರಿಬಿಟ್ಟಿದೆ. ಆದರೆ ಅಲ್ಲಿನ ಎಣ್ಣೆಯ ಸಂಪತ್ತು ನಮ್ಮವರನ್ನು ಕೈಬೀಸಿ ಕರೆಯುವುದಕ್ಕೆ ಮೊದಲೇ, ನಮ್ಮ ಉಪಾಧ್ಯಾಯರನ್ನು ಕರೆಸಿಕೊಂಡ ದೇಶವೊಂದುಂಟು. ಅದು ಇಥಿಯೋಪಿಯ. ಚಕ್ರವರ್ತಿ ಹೈಲೆ ಸೆಲಾಸಿಯ ಆಳ್ವಿಕೆಯಲ್ಲಿ ಹೊಸದಾಗಿ ತೆರೆದ ಶಾಲೆಗಳಿಗೆ ಭಾರತದಿಂದ ಶಿಕ್ಷಕರು ಹೋದರು. ಕೇರಳದವರೇ ಹೆಚ್ಚು, ನಮ್ಮ ಕರಾವಳಿಯವರೂ ಇದ್ದರು. ಗಂಡಹೆಂಡಿರಿಬ್ಬರೂ ಪಾಠ ಹೇಳುವವರಾಗಿ ಹೋದ ಸಂಸಾರಗಳೂ ಇದ್ದವು. ಈ ಶತಮಾನದ ಆರಂಭದಲ್ಲಿ ಅಲ್ಲಿ ಹೊಸ ವಿಶ್ವವಿದ್ಯಾಲಯಗಳು ಹುಟ್ಟಿಕೊಂಡಾಗ ಭಾರತದ ಅಧ್ಯಾಪಕರು ಮತ್ತೊಮ್ಮೆ ಅದೇ ದಾರಿ ಹಿಡಿದರು. ಹೀಗೆ ಹೋದ ದಂಪತಿಗೆ ಮೊದಲ ಕೆಲವು ತಿಂಗಳು ಪಾಠ ಹೇಳುವುದಕ್ಕಿಂತ ಕಲಿಯುವುದೇ ಹೆಚ್ಚು.

ಮೊದಲು ತೊಡಕಾಗುವುದು ಗಡಿಯಾರ. ಅಲ್ಲಿ ಹೊತ್ತಿನ ಎಣಿಕೆ ನಡುರಾತ್ರಿಯಿಂದಲ್ಲ, ಸೂರ್ಯೋದಯದಿಂದ. ಭೂಮಧ್ಯರೇಖೆಗೆ ಸಮೀಪದ ನಾಡಾದುದರಿಂದ ವರ್ಷವಿಡೀ ಸೂರ್ಯ ಹೆಚ್ಚುಕಡಮೆ ಒಂದೇ ಹೊತ್ತಿಗೆ ಮೂಡುತ್ತಾನೆ. ನಮ್ಮ ಏಳು ಗಂಟೆ ಅವರಿಗೆ ಒಂದು, ಎಂಟು ಗಂಟೆ ಎರಡು. 'ನಾಳೆ ಎರಡು ಗಂಟೆಗೆ ಬನ್ನಿ' ಎಂದರೆ ಊಟ ಮುಗಿಸಿ ಹೋಗುವ ಮಾತಲ್ಲ, ಬೆಳಗಿನ ಉಪಾಹಾರ ಮುಗಿಸಿ ಓಡುವ ಮಾತು. ಪಂಚಾಂಗವೂ ಹಾಗೆಯೇ. ಮೂವತ್ತು ದಿನಗಳ ಹನ್ನೆರಡು ತಿಂಗಳು, ಕೊನೆಗೆ ಐದೋ ಆರೋ ದಿನಗಳ ಹದಿಮೂರನೆಯದೊಂದು. ಹೊಸ ವರ್ಷ ಸೆಪ್ಟೆಂಬರಿನಲ್ಲಿ. ವರ್ಷಸಂಖ್ಯೆ ನಮ್ಮದಕ್ಕಿಂತ ಏಳೆಂಟು ಹಿಂದೆ. ಚಕ್ರವರ್ತಿ ಪದಚ್ಯುತನಾದುದು ನಮ್ಮ ಲೆಕ್ಕಕ್ಕೆ 1974ರ ಸೆಪ್ಟೆಂಬರ್ 12. ಅವರ ಲೆಕ್ಕಕ್ಕೆ 1967ರ ಮೆಸ್ಕೆರೆಂ 2. ಸಂಬಳದ ಕರಾರಿನಲ್ಲಿ ಬರೆದ ತಾರೀಕು ಯಾವ ಪಂಚಾಂಗದ್ದೆಂದು ಕೇಳಿಕೊಳ್ಳುವುದು ಸಂಕೋಚಪಡುವ ವಿಷಯವಲ್ಲ.

ಇನ್ನು ಅಡುಗೆಮನೆ. ಕೊಟ್ಟಾರ ಕಡಲ ಮಗ್ಗುಲಲ್ಲಿದೆ. ಆಡಿಸ್ ಅಬಾಬ ಕಡಲಮಟ್ಟದಿಂದ ಸುಮಾರು 2,350 ಮೀಟರ್ ಎತ್ತರದಲ್ಲಿದೆ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿದು, ನೀರು 92 ಡಿಗ್ರಿಯ ಆಸುಪಾಸಿನಲ್ಲೇ ಕುದಿಯತೊಡಗುತ್ತದೆ. ನೀರು ಮರಳುತ್ತಿರುತ್ತದೆ, ಬೇಳೆ ಮಾತ್ರ ಬೇಯದು. ನಮ್ಮ ಕುಚ್ಚಲಕ್ಕಿಯ ಪಾಡಂತೂ ಹೇಳತೀರದು. ಆದಕಾರಣ ಪೆಟ್ಟಿಗೆಯಲ್ಲಿ ಬೇರೇನನ್ನು ಬಿಟ್ಟರೂ ಪ್ರೆಶರ್ ಕುಕ್ಕರನ್ನು, ಅದರ ರಬ್ಬರಿನ ಬಳೆಗಳೆರಡು ಹೆಚ್ಚಿಗೆಯಾಗಿ, ಬಿಡಬಾರದು.

ಅಲ್ಲಿನವರ ಮುಖ್ಯ ಆಹಾರ ಇಂಜೆರಾ. ಗಸಗಸೆಯಷ್ಟು ಸಣ್ಣದಾದ ಟೆಫ್ ಎಂಬ ಧಾನ್ಯದ ಹಿಟ್ಟನ್ನು ಕಲಸಿ, ಎರಡು ಮೂರು ದಿನ ಹುಳಿಬರಿಸಿ, ಅಗಲವಾದ ಕಾವಲಿಯಲ್ಲಿ ಹೊಯ್ದು ಮುಚ್ಚಿ, ಒಂದೇ ಮಗ್ಗುಲು ಬೇಯಿಸುತ್ತಾರೆ. ದೋಸೆ ತಿಂದು ಬೆಳೆದವರಿಗೆ ಅದರ ಹುಳಿ ಬಲುಬೇಗ ಒಗ್ಗುತ್ತದೆ. ಸಸ್ಯಾಹಾರಿಗಳೂ ಹೆದರಬೇಕಾಗಿಲ್ಲ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ ಶುಕ್ರವಾರಗಳಂದು ಮಾಂಸ, ಮೊಟ್ಟೆ, ಹಾಲು ಮುಟ್ಟದೆ ಉಪವಾಸ ಹಿಡಿಯುತ್ತಾರೆ. ಆ ದಿನಗಳಲ್ಲಿ ಬೇಳೆ, ಸೊಪ್ಪು, ಹುರಿದ ಕಡಲೆಹಿಟ್ಟಿನ 'ಶಿರೋ' ಎಲ್ಲೆಡೆಯೂ ಸಿಗುತ್ತವೆ.

ಕಷ್ಟವಿರುವುದು ತಿನ್ನುವ ವಸ್ತುವಿನಲ್ಲಲ್ಲ, ತಿನ್ನುವ ಬಗೆಯಲ್ಲಿ. ಒಂದೇ ಹರಿವಾಣದ ಸುತ್ತ ಮನೆಯವರೆಲ್ಲ ಕುಳಿತು ಕೈಹಾಕುತ್ತಾರೆ. ಅತಿಥಿಯ ಮೇಲೆ ಪ್ರೀತಿ ಉಕ್ಕಿದರೆ, ತುತ್ತೊಂದನ್ನು ಕಟ್ಟಿ ತಮ್ಮ ಕೈಯಿಂದಲೇ ಅವರ ಬಾಯಿಗಿಡುತ್ತಾರೆ. ಇದಕ್ಕೆ 'ಗುರ್ಶಾ' ಎಂದು ಹೆಸರು. ಎಂಜಲು ಎಂಬ ಮಾತನ್ನು ತೊಟ್ಟಿಲಲ್ಲೇ ಕಲಿತ ನಮ್ಮವರಿಗೆ ಇದು ಸಣ್ಣ ಪರೀಕ್ಷೆಯಲ್ಲ. ಗಂಡ ಬಾಯಿ ತೆರೆದು, ಹೆಂಡತಿ ಮುಖ ತಿರುಗಿಸಿದರೆ ಮನೆಯೊಡತಿಗೆ ಆಗುವ ನೋವನ್ನು ಯಾವ ವಿವರಣೆಯೂ ತೊಡೆಯದು. ಒಲ್ಲೆನೆನ್ನುವ ಸ್ವಾತಂತ್ರ್ಯ ಯಾರಿಗೂ ಇದೆ. ಆದರೆ ಏನು ಮಾಡುವುದೆಂದು ದಂಪತಿಗಳು ಹೊರಡುವ ಮೊದಲೇ ತಮ್ಮೊಳಗೆ ಮಾತಾಡಿಕೊಂಡಿರುವುದು ಒಳ್ಳೆಯದು. ನನ್ನ ಮಟ್ಟಿಗೆ, ಆ ತುತ್ತನ್ನು ತೆಗೆದುಕೊಳ್ಳುವುದೇ ಲೇಸು.

ಅಂಹಾರಿಕ್ ಭಾಷೆಯ ಲಿಪಿ ಕನ್ನಡಿಗನಿಗೆ ಅಷ್ಟು ಪರಕೀಯವಲ್ಲವೆಂಬುದು ಸಂತೋಷದ ಸಂಗತಿ. ಅಲ್ಲಿಯೂ ಕಾಗುಣಿತವುಂಟು! ಒಂದೊಂದು ವ್ಯಂಜನಕ್ಕೂ ಏಳೇಳು ರೂಪ. ಮಕ್ಕಳು 'ಹ, ಹು, ಹಿ, ಹಾ' ಎಂದು ಸಾಲಾಗಿ ಒಪ್ಪಿಸುತ್ತಾರೆ. ಇಷ್ಟಾದರೂ ನಮ್ಮ ಶಿಕ್ಷಕರಲ್ಲಿ ಹಲವರು ಆ ಭಾಷೆಯನ್ನು ಕಲಿಯದೆಯೇ ವರ್ಷಗಟ್ಟಲೆ ಉಳಿಯಬಹುದು. ಪ್ರೌಢಶಾಲೆಯ ಪಾಠ ಇಂಗ್ಲಿಷಿನಲ್ಲಿ; ಶಿಕ್ಷಕರ ಕೊಠಡಿಯಲ್ಲಿಯೂ ಅದೇ ಸಾಕಾಗುತ್ತದೆ. ಭಾಷೆ ಮೊದಲು ಬರುವುದು ಸಂತೆಗೆ ಹೋಗುವವರಿಗೆ. 'ಸಿಂತ್ ನವ್' ಎಂದು ಬೆಲೆ ಕೇಳಿ, ಅಂದ್, ಹುಲೆತ್, ಸೋಸ್ತ್ ಎಂದು ಎಣಿಸಿ ಈರುಳ್ಳಿ ಕೊಂಡವರು ಮನೆಯ ದುಭಾಷಿಗಳಾಗುತ್ತಾರೆ. ಇಬ್ಬರಲ್ಲಿ ಒಬ್ಬರಿಗಷ್ಟೇ ಕೆಲಸ ಸಿಕ್ಕಿ, ಇನ್ನೊಬ್ಬರು ಓದಿದ್ದೆಲ್ಲವನ್ನೂ ಬದಿಗಿಟ್ಟು ಮನೆಯಲ್ಲಿ ಉಳಿಯಬೇಕಾದ ಸಂಸಾರಗಳಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಹಾಗೆ ಉಳಿದವರು ಬಹುಮಟ್ಟಿಗೆ ಹೆಂಗಸರು. ದುಡಿಯುವ ಗಂಡನಿಗೆ ಸಹೋದ್ಯೋಗಿಗಳಷ್ಟೇ ಗೊತ್ತು. ನೆರೆಮನೆಯ ಬಾಣಂತಿ, ಹಿಟ್ಟಿನ ಗಿರಣಿ, ಮಗುವಿಗೆ ಜ್ವರ ಬಂದಾಗ ಓಡಬೇಕಾದ ಬಾಗಿಲು ಇವೆಲ್ಲ ಆಕೆಗೆ ಗೊತ್ತು. ಆದರೂ ತವರಿಗೆ ಬರೆದ ಕಾಗದದಲ್ಲಿ 'ನನಗಿಲ್ಲಿ ಕೆಲಸವಿಲ್ಲ' ಎಂದೇ ಆಕೆ ಬರೆಯುವುದು.

ನೆರೆಮನೆಯ ಪರಿಚಯ ಗಟ್ಟಿಯಾಗುವುದು ಕಾಫಿಯಿಂದ. ಬಾಬಾ ಬುಡನ್ ನಮ್ಮ ಗಿರಿಗೆ ತಂದರೆಂದು ಪ್ರತೀತಿಯಿರುವ ಆ ಬೀಜದ ತವರು ಇಥಿಯೋಪಿಯದ ಕಾಡು. ಅಲ್ಲಿ ಅತಿಥಿಯ ಕಣ್ಣೆದುರಿಗೇ ಬೀಜ ಹುರಿದು, ಕುಟ್ಟಿ, ಮಣ್ಣಿನ ಹೂಜಿಯಲ್ಲಿ ಕುದಿಸಿ, ಮೂರು ಸುತ್ತು ಕೊಡುತ್ತಾರೆ. ಮೂರನೆಯ ಸುತ್ತಿನ ಹೆಸರು 'ಬರಕಾ', ಎಂದರೆ ಆಶೀರ್ವಾದ. ಅದನ್ನು ಕುಡಿಯದೆ ಏಳುವುದು ಸಭ್ಯತೆಯಲ್ಲ. ಸಂಜೆ ಯಾರ ಮನೆಗಾದರೂ ಹೋಗುವುದಿದ್ದರೆ ಉತ್ತರಪತ್ರಿಕೆಗಳನ್ನು ಮೊದಲೇ ತಿದ್ದಿ ಮುಗಿಸಿಟ್ಟು ಹೋಗಬೇಕು.