ಕುರಿಯ ಜಂತುಹುಳು ಮತ್ತು ಅಲರ್ಜಿ

ಕಾಂಗ್ರೆಸ್ ಕಳೆ ಹೂಬಿಟ್ಟ ಹೊಲದಲ್ಲಿ ಕೆಲಸ ಮಾಡಿದ ಕೆಲವರಿಗೆ ಸೀನು ಹತ್ತಿ ಮೂಗಿನಿಂದ ನೀರು ಸುರಿಯುತ್ತದೆ. ಅದೇ ಹೊಲದ ಬದುವಿನಲ್ಲಿ ಮೇಯುವ ಕುರಿಯ ಹೊಟ್ಟೆಯಲ್ಲಿ ಜಂತುಹುಳುಗಳಿರುತ್ತವೆ. ಮೇಲುನೋಟಕ್ಕೆ ಇವೆರಡಕ್ಕೂ ಸಂಬಂಧ ಕಾಣುವುದಿಲ್ಲ. ಆದರೆ ಸೀನು ತರಿಸುವುದು ಮತ್ತು ಹುಳುವನ್ನು ಹೊರದೂಡುವುದು ಇವೆರಡೂ ಶರೀರದ ಒಂದೇ ಬಗೆಯ ರಕ್ಷಣಾ ಕ್ರಿಯೆ. ಇದನ್ನು ಅರಿತರೆ ಹುಳುವಿನ ಔಷಧಿಯನ್ನು ಯಾವ ಕುರಿಗೆ, ಯಾವಾಗ ಕೊಡಬೇಕೆಂಬುದೂ ತಿಳಿಯುತ್ತದೆ.

ಹುಳುವಿಗೆ ಬೇರೆಯೇ ಕಾವಲು

ರೋಗಾಣುಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ರಕ್ತದ ಬಿಳಿಕಣಗಳು ಅವನ್ನು ನುಂಗಿ ಕೊಲ್ಲಬಲ್ಲವು. ಹುಳುವನ್ನು ಹೀಗೆ ನುಂಗಲಾಗದು. ಕುರಿಯ ನಾಲ್ಕನೆಯ ಹೊಟ್ಟೆಯಲ್ಲಿ ನೆಲಸುವ ಹೀಮಾಂಕಸ್ ಜಾತಿಯ ಹೆಣ್ಣುಹುಳು ಸುಮಾರು 2ರಿಂದ 3 ಸೆಂ.ಮೀ. ಉದ್ದವಿರುತ್ತದೆ. ಒಂದು ಹುಳುವಿನಿಂದ ದಿನಕ್ಕೆ ಸುಮಾರು 0.05 ಮಿ.ಲೀ. ರಕ್ತ ನಷ್ಟವಾಗುತ್ತದೆ. 5,000 ಹುಳುಗಳಿದ್ದರೆ ದಿನಕ್ಕೆ 250 ಮಿ.ಲೀ. ರಕ್ತ ಹೋದಂತಾಯಿತು.

ಇಷ್ಟು ದೊಡ್ಡ ಶತ್ರುವನ್ನು ಶರೀರವು ಹೊರದೂಡಲು ಯತ್ನಿಸುತ್ತದೆ. ಇದಕ್ಕೆಂದು ಇಮ್ಯುನೊಗ್ಲಾಬ್ಯುಲಿನ್-ಇ ಎಂಬ ಪ್ರತಿಕಾಯವು ಶರೀರದಲ್ಲಿ ತಯಾರಾಗುತ್ತದೆ. ಅಮೆರಿಕ ಮತ್ತು ಸ್ವೀಡನ್ನಿನ ಎರಡು ತಂಡಗಳು 1966-67ರಲ್ಲಿ ಇದನ್ನು ಪ್ರತ್ಯೇಕವಾಗಿ ಗುರುತಿಸಿದವು. ಈ ಪ್ರತಿಕಾಯವು ಹೊಟ್ಟೆ, ಕರುಳು, ಮೂಗು ಮತ್ತು ಶ್ವಾಸನಾಳಗಳ ಒಳಪೊರೆಯಲ್ಲಿರುವ ಮಾಸ್ಟ್ ಕಣಗಳಿಗೆ ಅಂಟಿಕೊಂಡಿರುತ್ತದೆ. ಹುಳು ಸ್ರವಿಸುವ ಪದಾರ್ಥ ತಾಗಿದೊಡನೆ ಆ ಕಣಗಳಿಂದ ಹಿಸ್ಟಮಿನ್ ಮೊದಲಾದ ರಾಸಾಯನಿಕಗಳು ಹೊರಬೀಳುತ್ತವೆ. ಆಗ ಒಳಪೊರೆ ಊದಿ ನೀರು ಒಸರುತ್ತದೆ, ಲೋಳೆ ಹೆಚ್ಚುತ್ತದೆ, ಕರುಳಿನ ಚಲನೆ ಬಿರುಸಾಗುತ್ತದೆ. ಇಯೊಸಿನೊಫಿಲ್ ಎಂಬ ಬಿಳಿಕಣಗಳು ಎಳೆಹುಳುಗಳ ಸುತ್ತ ನೆರೆದು ವಿಷಪದಾರ್ಥವನ್ನು ಸುರಿಯುತ್ತವೆ.

ಅಲರ್ಜಿಯುಳ್ಳವರಲ್ಲಿ ಇದೇ ಕಾವಲು ಪರಾಗ ಅಥವಾ ಧೂಳಿನ ನುಸಿಯಂಥ ನಿರಪಾಯ ವಸ್ತುವನ್ನು ಶತ್ರುವೆಂದು ಬಗೆಯುತ್ತದೆ. ಮೂಗಿನಲ್ಲಿ ಈ ಕ್ರಿಯೆ ನಡೆದರೆ ಸೀನು, ಶ್ವಾಸನಾಳದಲ್ಲಿ ನಡೆದರೆ ಉಬ್ಬಸ. ಕಾಂಗ್ರೆಸ್ ಕಳೆ ತಾಗಿ ಬರುವ ಚರ್ಮದ ತುರಿಗಜ್ಜಿ ಮಾತ್ರ ಬಹುಮಟ್ಟಿಗೆ ಬೇರೆ ಬಗೆಯ, ನಿಧಾನವಾಗಿ ತಲೆದೋರುವ ಅಲರ್ಜಿ.

ಕುರಿಗಳಲ್ಲಿ ಕಂಡ ಪುರಾವೆ

ಅಮೆರಿಕದ ನಾರ್ಮನ್ ಸ್ಟೋಲ್ 1929ರಲ್ಲಿ ಒಂದು ವಿಚಿತ್ರವನ್ನು ವರದಿ ಮಾಡಿದರು. ಹುಳುವಿನ ಮರಿಗಳಿದ್ದ ಹುಲ್ಲನ್ನು ಮೇಯುತ್ತಿದ್ದ ಕುರಿಗಳ ಹಿಕ್ಕೆಯಲ್ಲಿ ಹುಳುವಿನ ಮೊಟ್ಟೆಗಳು ಏರುತ್ತ ಹೋಗಿ, ಔಷಧಿಯಿಲ್ಲದೆಯೇ ಹಠಾತ್ತನೆ ಇಳಿದವು. ಇದಕ್ಕೆ ಸ್ವಯಂಶಮನ ಎನ್ನಬಹುದು. ಕುರಿಯು ಹೊಸದಾಗಿ ನುಂಗಿದ ಎಳೆಹುಳುಗಳು ಹೊಟ್ಟೆ ಸೇರಿದಾಗ ರಕ್ತದಲ್ಲಿ ಹಿಸ್ಟಮಿನ್ ಏರಿ, ಹೊಟ್ಟೆಯ ಒಳಪೊರೆ ಊದಿ, ಹಳೆಯ ಹುಳುಗಳು ಉದುರಿಹೋಗುವುದನ್ನು ಆಸ್ಟ್ರೇಲಿಯದಲ್ಲಿ 1950ರ ದಶಕದಲ್ಲಿ ತೋರಿಸಲಾಯಿತು. ಎಂದರೆ ಇದು ಹೊಟ್ಟೆಯೊಳಗೆ ನಡೆಯುವ ಅಲರ್ಜಿಯೇ. ಆದರೆ ಇದು ಎಲ್ಲ ಕುರಿಗಳಲ್ಲಿಯೂ ಪ್ರತಿ ಸಲವೂ ನಡೆಯುವುದಿಲ್ಲವಾದ್ದರಿಂದ ಇದನ್ನೇ ನಂಬಿ ಕೂಡುವಂತಿಲ್ಲ.

ಹುಳು ಇರುವುದು ಒಳ್ಳೆಯದೆ?

ಹುಳುಗಳೂ ಸುಮ್ಮನಿರುವುದಿಲ್ಲ. ಆಶ್ರಯ ಕೊಟ್ಟ ಶರೀರದ ಕಾವಲನ್ನು ತಣ್ಣಗಾಗಿಸುವ ಪದಾರ್ಥಗಳನ್ನು ಅವು ಸ್ರವಿಸುತ್ತವೆ. ಆಫ್ರಿಕದ ಗೆಬಾನ್ ದೇಶದಲ್ಲಿ ಶಾಲಾಮಕ್ಕಳಿಗೆ ಮತ್ತೆಮತ್ತೆ ಹುಳುವಿನ ಔಷಧಿ ಕೊಟ್ಟಾಗ ಧೂಳಿನ ನುಸಿಗೆ ಅವರ ಚರ್ಮ ತೋರುವ ಪ್ರತಿಕ್ರಿಯೆ ಹೆಚ್ಚಿತೆಂದು 2004ರಲ್ಲಿ ವರದಿಯಾಯಿತು. ಹಾಗಾದರೆ ಹುಳುವನ್ನು ಉಳಿಸಿಕೊಂಡರೆ ಅಲರ್ಜಿ ತಪ್ಪೀತೆಂದು ತಿಳಿಯುವುದು ತಪ್ಪು. ಉಬ್ಬಸವುಳ್ಳವರಿಗೆ ಬೇಕೆಂದೇ ಕೊಕ್ಕೆಹುಳು ಸೇರಿಸಿ ಇಂಗ್ಲೆಂಡಿನಲ್ಲಿ ನಡೆಸಿ 2010ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಹೇಳಿಕೊಳ್ಳುವಂಥ ಗುಣ ಕಾಣಲಿಲ್ಲ. ಕೊಕ್ಕೆಹುಳು ರಕ್ತ ಹೀರಿ ರಕ್ತಹೀನತೆ ತರುವುದಂತೂ ನಿಶ್ಚಯ. ಆದುದರಿಂದ 2015ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆ, ಅಂಗನವಾಡಿಗಳಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆಯನ್ನು ಮಕ್ಕಳಿಗೆ ತಪ್ಪಿಸಬಾರದು.

ಕುರಿ ಸಾಕುವವರು ಗಮನಿಸಬೇಕಾದ ಅಂಶಗಳು

1. ಹುಳುವಿನ ವಿರುದ್ಧದ ಶಕ್ತಿ ಹುಟ್ಟಿನಿಂದ ಬರುವುದಿಲ್ಲ, ಮೇಯುತ್ತ ಮೇಯುತ್ತ ಬೆಳೆಯುತ್ತದೆ. ಸುಮಾರು ಆರು ತಿಂಗಳವರೆಗೆ ಮರಿಗಳಲ್ಲಿ ಇದು ಬಲು ಕಡಮೆ. ಮರಿಗಳನ್ನು ಮೊದಲು ಗಮನಿಸಬೇಕು.

2. ಈಯುವ ಮುನ್ನಿನ ಹಾಗೂ ಈದ ನಂತರದ ಕೆಲವು ವಾರಗಳಲ್ಲಿ ತಾಯಿಕುರಿಯ ಶಕ್ತಿ ಕುಂದುತ್ತದೆ. ಆಗ ಅದು ಹಾಕುವ ಹಿಕ್ಕೆಯಲ್ಲಿ ಮೊಟ್ಟೆಗಳು ಹೆಚ್ಚಿ, ಹುಲ್ಲಿನ ಮೂಲಕ ಎಳೆಹುಳುಗಳು ಮರಿಗಳನ್ನು ಸೇರುತ್ತವೆ.

3. ಈ ಕಾವಲಿಗೆ ಸಸಾರಜನಕ ಬೇಕು. ಗಬ್ಬದ ಕೊನೆಯ ದಿನಗಳಲ್ಲಿ ಮತ್ತು ಹಾಲೂಡುವಾಗ ಶೇಂಗಾಹಿಂಡಿ, ದ್ವಿದಳ ಮೇವು ಕೊಟ್ಟರೆ ಔಷಧಿಯ ಅವಶ್ಯಕತೆ ಕಡಮೆಯಾಗುತ್ತದೆ.

4. ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ಕೆಳರೆಪ್ಪೆಯ ಒಳಭಾಗವನ್ನು ಹಗಲು ಬೆಳಕಿನಲ್ಲಿ ನೋಡಬೇಕು. ಕೆಂಪಗಿದ್ದರೆ ಚಿಂತೆಯಿಲ್ಲ. ಬಿಳಿಚಿಕೊಂಡಿದ್ದರೆ ಅಥವಾ ಗದ್ದದ ಕೆಳಗೆ ನೀರು ತುಂಬಿದ ಬಾವಿದ್ದರೆ ತಡಮಾಡದೆ ಔಷಧಿ ಕುಡಿಸಬೇಕು.

5. ಇಡೀ ಹಿಂಡಿಗೆ ಪದೇ ಪದೇ ಒಂದೇ ಔಷಧಿ ಕುಡಿಸಿದರೆ, ಇಲ್ಲವೆ ತೂಕಕ್ಕಿಂತ ಕಡಮೆ ಕೊಟ್ಟರೆ, ಔಷಧಿಗೆ ಜಗ್ಗದ ಹುಳುಗಳು ಉಳಿದು ಅವುಗಳ ಸಂತಾನವೇ ಹೆಚ್ಚುತ್ತದೆ. ಕುರಿಯ ತೂಕ ನೋಡಿ, ಪಶುವೈದ್ಯರು ಹೇಳಿದ ಪ್ರಮಾಣದಲ್ಲಿಯೇ ಕೊಡಬೇಕು.

6. ವರ್ಷವರ್ಷವೂ ಔಷಧಿ ಬೇಡುವ ಕುರಿಯ ಕಿವಿಗೆ ಗುರುತು ಹಾಕಿ, ಅದರ ಮರಿಗಳನ್ನು ತಳಿಗೆ ಬಿಡಬಾರದು. ಹುಳುವನ್ನು ತಡೆಯುವ ಶಕ್ತಿ ಸ್ವಲ್ಪಮಟ್ಟಿಗೆ ವಂಶದಿಂದಲೂ ಬರುತ್ತದೆ. ಔಷಧಿಯಿಲ್ಲದೆ ಚೆನ್ನಾಗಿರುವ ಕುರಿಗಳಿಂದ ಹಿಂಡು ಕಟ್ಟಿದರೆ ಖರ್ಚೂ ಉಳಿಯುತ್ತದೆ, ಔಷಧಿಯ ಗುಣವೂ ಬಹುಕಾಲ ಉಳಿಯುತ್ತದೆ.